ದೊಡ್ಡಪ್ಪನ ಮರ್ಯಾದೆ ಕೆಮ್ಮು

ನಮ್ಮ ದೊಡ್ಡಪ್ಪ ಪಾಲಿಹೌಸಿನ ಬಾಗಿಲು ತೆಗೆಯುವ ಮುಂಚೆ ಕೆಮ್ಮುತ್ತಿದ್ದರು. ರೋಗದ ಕೆಮ್ಮಲ್ಲ. ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಗಂಟಲ ಬುಡದಿಂದ ದೊಡ್ಡದಾಗಿ ಒಂದು, ಸ್ವಲ್ಪ ತಡೆದು ಚಿಕ್ಕದಾಗಿ ಇನ್ನೊಂದು. ಆಮೇಲೆ ಬಾಗಿಲು.

ನಮ್ಮ ಕಡೆ ಹಿರಿಯ ಗಂಡಸರು ಅಡುಗೆಮನೆಯ ಹತ್ತಿರ ಬರುವಾಗ ಹಾಗೆ ಕೆಮ್ಮುತ್ತಾರೆ. ಒಳಗೆ ಕಾಲು ಚಾಚಿ ಕೂತ ಸೊಸೆಯಂದಿರು ಎದ್ದು ಕೂರಲಿ, ಸೆರಗು ಸರಿಮಾಡಿಕೊಳ್ಳಲಿ ಅಂತ. ಆದರೆ ಬೆಳೆಗೆ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಸೊಸೆಯಂದಿರು ಎಲ್ಲಿದ್ದಾರೆ? ಸೌತೆ ಬಳ್ಳಿ ಬಿಟ್ಟರೆ ಏನೂ ಇಲ್ಲ. ಒಮ್ಮೆ ಕೇಳಿಯೇ ಬಿಟ್ಟೆ: “ಒಳಗೆ ಯಾರವ್ರೆ ದೊಡ್ಡಪ್ಪಾ?”

“ನೀನೇ ಹೇಳ್ದೆಯಲ್ಲ ಕಣ್ಣು, ಒಂದು ಚಮಚ ಮಣ್ಣಲ್ಲಿ ಕೋಟಿಗಟ್ಲೆ ಅವ್ರೆ ಅಂತ. ಅಷ್ಟು ಜನ ಇರೋ ಮನೆಗೆ ಹೇಳ್ದೆ ಕೇಳ್ದೆ ನುಗ್ಗಕಾಗ್ತದಾ?”

ಕಣ್ಣಿಗೆ ಕಾಣದವರನ್ನು ಮನೆಗೆ ಕರೆತಂದ ಮೇಲೆ ನಮ್ಮಲ್ಲಿ ಇಂಥದ್ದು ಏನಾದರೊಂದು ನಡೆಯುತ್ತಲೇ ಇತ್ತು. ನಾನು ಮಾತಾಡುವುದು ಕಡಿಮೆ, ನೋಡುತ್ತ ಕೂರುವುದು ಜಾಸ್ತಿ. ಹಾಗಾಗಿ ಎಲ್ಲವೂ ನೆನಪಿವೆ. ಅವು ನಡೆದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗಲೂ ನಗು ಬರುತ್ತದೆ. ಬಂದ ಮೇಲೆ ಅದನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ.

ಮೂಗು ಮುಚ್ಚದ ಬೆಳೆ

ನಮ್ಮ ಊರು ಚಿನ್ನಮನೂರು ದಾಟಿ ಕಂಬಂ ಕಡೆ ಹೋಗುವ ದಾರಿಯಲ್ಲಿದೆ. ಸುತ್ತ ದ್ರಾಕ್ಷಿ ಚಪ್ಪರ, ಬಾಳೆ, ತೆಂಗು. ನಮ್ಮವರು ಇಲ್ಲಿಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನನ್ನು ಮುದ್ದಿಗೆ ‘ಕಣ್ಣು’ ಅನ್ನುವುದೂ ತಮಿಳಿನಿಂದ ಒಳಗೆ ಬಂದದ್ದೇ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಮನೆಯ ಕನ್ನಡ ಕಿವಿಗೆ ಚೆನ್ನಾಗಿ ಗೊತ್ತು, ನಾಲಿಗೆಗೆ ಸಂಕೋಚ. ಅಕ್ಷರ ಕಲಿತದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ, ಸೂಕ್ಷ್ಮಜೀವಿಶಾಸ್ತ್ರ ಓದುವಾಗ. ಅಪ್ಪನಿಗೆ ಕೊಡೈಕಾನಲ್‌ನಲ್ಲಿ ಹೋಟೆಲ್ ಕೆಲಸ. ನಾನು ಬೆಳೆದದ್ದೆಲ್ಲ ದೊಡ್ಡಪ್ಪ, ದೊಡ್ಡಮ್ಮನ ಹತ್ತಿರ. ಅವರಿಗೆ ಮಕ್ಕಳಿಲ್ಲ.

ಪಾಲಿಹೌಸ್ ಹಾಕಿದ ಮೊದಲ ವರ್ಷ ಸೌತೆ ಚೆನ್ನಾಗಿ ಬಂತು. ಮುಚ್ಚಿದ ಮನೆ, ಮಳೆಯಿಲ್ಲ, ಗಾಳಿಯಿಲ್ಲ, ವರ್ಷವಿಡೀ ಅದೇ ಬೆಳೆ. ಆಮೇಲೆ ಮಣ್ಣು ಕೆಡುತ್ತ ಬಂತು. ಗಿಡ ಕಿತ್ತರೆ ಬೇರು ತುಂಬ ಗಂಟು. ನಡು ಬೇಸಿಗೆಯಲ್ಲಿ ಬಳ್ಳಿಗಳು ನಿಂತಲ್ಲೇ ಬಾಡಿ ಜೋತು ಬೀಳುತ್ತಿದ್ದವು. ಅಂಗಡಿಯವರು ಒಂದು ಔಷಧಿ ಕೊಟ್ಟರು, ಅದಕ್ಕೆ ರೋಗ ಬಗ್ಗಲಿಲ್ಲ. ಅದಕ್ಕಿಂತ ಜೋರಿನದು ಕೊಟ್ಟರು. ಬಯಲಲ್ಲಿ ಹೊಡೆದರೆ ಅರ್ಧ ಗಾಳಿಗೆ ಹೋಗುತ್ತದೆ. ಪಾಲಿಹೌಸಿನಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಮೇಲೆ ನಿಂತಿರುತ್ತದೆ. ದೊಡ್ಡಪ್ಪ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಹೋಗಿ ಕಣ್ಣು ಕೆಂಪಗೆ ಮಾಡಿಕೊಂಡು ಹೊರಗೆ ಬರುತ್ತಿದ್ದರು. ನಾವು ಮನೆಯಲ್ಲಿ ತಿನ್ನುತ್ತಿದ್ದ ಸೌತೆ ಹಿತ್ತಲಿನದು. ಪಾಲಿಹೌಸಿನದನ್ನು ದೊಡ್ಡಮ್ಮ ಅಡುಗೆಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದು ಊರವರಿಗೆ.

ಓದು ಮುಗಿಸಿ ನಾನು ದಿಂಡುಕ್ಕಲ್‌ನ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಬೇರನ್ನು ಕಾಯುವ ಬ್ಯಾಕ್ಟೀರಿಯಾ, ಕೆಟ್ಟ ಬೂಷ್ಟನ್ನು ತಿನ್ನುವ ಒಳ್ಳೆಯ ಬೂಷ್ಟು, ಇಂಥವನ್ನು ಬೆಳೆಸಿ ರೈತರಿಗೆ ಕೊಡುವ ಕೆಲಸ. ಅದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು.

“ಅದು ಹಾಕುದ್ರೆ ಮೂಗು ಮುಚ್ಕೋಬೇಕಾ?”

“ಬೇಡ ದೊಡ್ಡಪ್ಪ.”

“ಹಂಗಾದ್ರೆ ತತ್ತಾ. ಸಾಯಕ್ ಮುಂಚೆ ಮೂಗು ಮುಚ್ದೆ ಒಂದು ಬೆಳೆ ತೆಗೀಬೇಕು ನಾನು.”

ಪಕ್ಕದಲ್ಲೇ ಕೂತಿದ್ದ ಮಾಮ, ಅಂದರೆ ದೊಡ್ಡಮ್ಮನ ತಮ್ಮ, ದ್ರಾಕ್ಷಿ ತೋಟದವರು, ತಟ್ಟೆಯಿಂದ ತಲೆ ಎತ್ತದೆ ಹೇಳಿದರು: “ಬಾವ, ಸತ್ತ ಮೇಲೆ ಮೂಗಿಗೆ ಹತ್ತಿ ಇಕ್ತಾರೆ. ಅವಾಗ ಪೂರಾ ಮುಚ್ಕೋಬೌದು, ಬುಡಿ.”

ಬಾವ ಮೈದುನರ ನಡುವೆ ಇಂಥ ಮಾತಿಗೆ ನಮ್ಮಲ್ಲಿ ಅಪ್ಪಣೆ ಇದೆ. ದೊಡ್ಡಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಬಸ್ಸಿನಲ್ಲಿ ಒಂದು ಬಾಟಲಿ

ಮೊದಲ ಸಲ ಕಲ್ಚರ್ ತಂದದ್ದು ದೊಡ್ಡ ಸೋಡಾ ಬಾಟಲಿಯಲ್ಲಿ. ಬೆಲ್ಲದ ನೀರಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ. ಮುಚ್ಚಳ ಸಡಿಲ ಬಿಡಬೇಕು ಅಂತ ಗೊತ್ತಿತ್ತು. ಆದರೆ ಬಸ್ಸಿನಲ್ಲಿ ಚೆಲ್ಲಿದರೆ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರೆ ಎನ್ನುವ ಭಯಕ್ಕೆ ಬಿಗಿಯಾಗಿ ತಿರುಗಿಸಿದ್ದೆ.

ದಿಂಡುಕ್ಕಲ್‌ನಿಂದ ಕಂಬಂ ಬಸ್ಸು. ಉರಿಬಿಸಿಲು. ಬಾಟಲಿ ಮಡಿಲಲ್ಲಿ ಉಬ್ಬುತ್ತ ಬಂತು. ಪೆರಿಯಕುಳಂ ಬರುವ ಹೊತ್ತಿಗೆ ಅದನ್ನು ಮುಟ್ಟಿದರೆ ಕಲ್ಲಿನ ಹಾಗಿತ್ತು. ಮೆಲ್ಲಗೆ ಮುಚ್ಚಳ ಸಡಿಲಿಸೋಣ ಅಂತ ಹೋದೆ. ‘ಬುಸ್’ ಅಂದದ್ದು ಡ್ರೈವರಿಗೂ ಕೇಳಿಸಿತು. ಮುಚ್ಚಳ ಹಾರಿ ಮುಂದಿನ ಸೀಟಿನ ಅಜ್ಜಿಯ ತುರುಬಿನಲ್ಲಿ ಸಿಕ್ಕಿಕೊಂಡಿತು. ಹುಳಿ ಬೆಲ್ಲದ ನೊರೆ ನನ್ನ ಮೈಮೇಲೆ, ನೆಲದ ಮೇಲೆ.

ಆ ವಾಸನೆಯನ್ನು ಇಡೀ ಬಸ್ಸು ಗುರುತು ಹಿಡಿಯಿತು. ತಮಿಳುನಾಡಿನಲ್ಲಿ ಹೆಂಡ ಇಳಿಸುವಂತಿಲ್ಲ. ಅದನ್ನು ಮಾರುವುದು, ಸಾಗಿಸುವುದು ಎಲ್ಲವೂ ಕೇಸು. ಹಿಂದಿನಿಂದ ಯಾರೋ “ಆಹಾ” ಅಂತ ಉಸಿರೆಳೆದುಕೊಂಡರು. ಕಂಡಕ್ಟರ್ ಬಂದು ನನ್ನ ಕನ್ನಡಕ ನೋಡಿದ, ಲ್ಯಾಬಿನ ಗುರುತಿನ ಚೀಟಿ ನೋಡಿದ, ನೊರೆ ನೋಡಿದ.

“ಏನಮ್ಮ ಇದು?”

ತಮಿಳೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಭಯವಾದಾಗ ನನ್ನ ಬಾಯಿಗೆ ಬರುವುದು ಶಾಲೆಯ ಇಂಗ್ಲಿಷ್ ಒಂದೇ. “ಇಟ್ ಈಸ್ ಬ್ಯಾಸಿಲಸ್, ಸರ್” ಅಂದೆ.

ಕಂಡಕ್ಟರ್ ಗೌರವದಿಂದ ತಲೆ ಆಡಿಸಿದ. “ಫಾರಿನ್ನಾ?”

ಉಳಿದ ಅರ್ಧ ಬಾಟಲಿಯನ್ನು ಊರಿನವರೆಗೂ ಅವನೇ ತನ್ನ ಸೀಟಿನ ಪಕ್ಕದಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದ. ಕೊಡುವಾಗ ಒಂದು ಗುಟುಕು ಕಡಿಮೆಯಾಗಿತ್ತೋ ಏನೋ ಎನ್ನುವ ಅನುಮಾನ ನನಗೆ ಇವತ್ತಿಗೂ ಇದೆ. ಏನಾದರೂ ಆಗಿದ್ದರೆ ಅವನ ಹೊಟ್ಟೆಗೆ ಒಳ್ಳೆಯದೇ ಆಗಿರುತ್ತದೆ.

ಶುಕ್ರವಾರದ ಹೆಪ್ಪು

ಆ ಅರ್ಧ ಬಾಟಲಿಯಿಂದ ದೊಡ್ಡಪ್ಪ ಡ್ರಮ್ಮು ತುಂಬಿಸಿದರು. ನೀಲಿ ಪ್ಲಾಸ್ಟಿಕ್ ಡ್ರಮ್ಮು, ನೀರು, ಬೆಲ್ಲ, ಒಂದು ಬೇವಿನ ಕೋಲು. ಬೆಳಿಗ್ಗೆ ಸಂಜೆ ತಿರುವಬೇಕು. ಖಾಲಿಯಾಗುವ ಮುಂಚೆ ಸ್ವಲ್ಪ ಉಳಿಸಿ ಅದಕ್ಕೇ ಮತ್ತೆ ಬೆಲ್ಲ, ನೀರು. ನಮ್ಮ ಲ್ಯಾಬಿನ ಶಿಸ್ತು ಇದನ್ನು ಒಪ್ಪುವುದಿಲ್ಲ. ಹೀಗೆ ಮಾಡಿದರೆ ಕರೆಯದ ನೆಂಟರೂ ಬಂದು ಸೇರಿಕೊಳ್ಳುತ್ತಾರೆ, ಪ್ರತಿ ಸಲ ಹೊಸದು ತರುತ್ತೇನೆ ಅಂದೆ. ದೊಡ್ಡಪ್ಪ ಕೇಳಲಿಲ್ಲ. “ಮೊಸರಿಗೆ ದಿನಾ ಅಂಗಡಿಯಿಂದ ಹೆಪ್ಪು ತತ್ತಾರಾ?” ಅಂದರು. ಹೊಸದನ್ನೂ ತಂದು ಸೇರಿಸುತ್ತಿದ್ದೆ, ಹಳೆಯದೂ ನಡೆಯುತ್ತಿತ್ತು.

ಆ ಒಂದು ಮಾತು ದೊಡ್ಡಮ್ಮನ ಕಿವಿಗೆ ಬಿತ್ತು. ಹೆಪ್ಪು ಅಂದ ಮೇಲೆ ಅದು ಅವರ ಇಲಾಖೆ. ಡ್ರಮ್ಮಿಗೆ ಅರಿಶಿನದ ಬೊಟ್ಟು ಬಂತು. ಶುಕ್ರವಾರ ಹೆಪ್ಪು ಕೊಡಬಾರದು, ದೀಪ ಹಚ್ಚಿದ ಮೇಲೆ ಯಾವ ದಿನವೂ ಕೊಡಬಾರದು, ಮನೆಯ ಲಕ್ಷ್ಮಿ ಹೋಗುತ್ತಾಳೆ. ಈ ಕಾನೂನು ಹಿಂದಿನಿಂದ ಮೊಸರಿಗೆ ಇತ್ತು. ಈಗ ಡ್ರಮ್ಮಿಗೂ ಬಂತು.

ಒಂದು ಶುಕ್ರವಾರ ನಾನು ದಿಂಡುಕ್ಕಲ್‌ನಿಂದ ಬಂದು ಕೈಕಾಲು ತೊಳೆಯುತ್ತಿದ್ದೆ. ದೀಪ ಹಚ್ಚಿ ಆಗಿತ್ತು. ಮಾಮ ಹಿತ್ತಲ ಬಾಗಿಲಿನಿಂದ ಒಂದು ಚೊಂಬು ಮುಂದಕ್ಕೆ ಚಾಚಿ ನಿಂತಿದ್ದರು. ಊರೆಲ್ಲ ಬಾವನ ಹುಳುನೀರು ಅಂತ ಗೇಲಿ ಮಾಡಿಕೊಂಡು ಓಡಾಡುವವರು, ಕತ್ತಲಾಗುವುದನ್ನೇ ಕಾದು ಬಂದಿದ್ದರು.

“ಅಕ್ಕಾ, ಒಂದು ಚೊಂಬು ಆ ನೀರು ಕೊಡು. ನಮ್ಮ ಸಸಿಗೆ ಹಾಕಿ ನೋಡ್ತೀನಿ. ಬಾವನಿಗೆ ಹೇಳ್ಬೇಡ.”

“ಇವತ್ತು ಶುಕ್ರವಾರ. ದೀಪ ಬೇರೆ ಹಚ್ಚಾಯ್ತು. ನಾಳೆ ಬಾ.”

“ಅಯ್ಯೋ ಅಕ್ಕಾ, ಇದೇನು ಮೊಸರಾ? ಬ್ಯಾಕ್ಟೀರಿಯಾ!”

“ಮೊಸರಲ್ಲಿರೋದೇನು, ನಿನ್ನ ಮಾವನಾ? ಅದೂ ಅದೇನೇ. ನಮ್ಮ ಹುಡ್ಗಿ ಓದ್ಕೊಂಡು ಬಂದು ಹೇಳವಳೆ.”

ಮಾಮ ನನ್ನ ಕಡೆ ನೋಡಿದರು. ನನ್ನ ಓದನ್ನು ಮನೆಯಲ್ಲಿ ಒಬ್ಬರು ಸಾಕ್ಷಿಗೆ ಕರೆದದ್ದು ಅದೇ ಮೊದಲು. ತಲೆ ಆಡಿಸಿದೆ. ಅವರು ಖಾಲಿ ಚೊಂಬು ಹಿಡಿದು ಹೊರಡುವಾಗ ಹೇಳಿದರು: “ಕಾಲೇಜಿಗೆ ಕಳ್ಸಿ ಇನ್ನೊಬ್ಬ ಅಕ್ಕನ್ನ ಮಾಡ್ಕೊಂಡವ್ರೆ.”

ಆಗಲೇ ಒಳಗಿರುವವರು

ಈ ಮಾಮನಿಗೆ ಒಂದು ವಿದ್ಯೆ ಇತ್ತು. ದೊಡ್ಡಪ್ಪನ ಕೆಮ್ಮನ್ನು ತಮ್ಮ ಗಂಟಲಲ್ಲಿ ಹಾಗೇ ತೆಗೆಯುತ್ತಿದ್ದರು. ದೊಡ್ಡದು ಒಂದು, ತಡೆ, ಚಿಕ್ಕದು ಒಂದು. ಕಣ್ಣು ಮುಚ್ಚಿಕೊಂಡರೆ ದೊಡ್ಡಪ್ಪನೇ. ಪೆರಿಯಕುಳಂನ ಒಂದು ಮದುವೆಯಲ್ಲಿ ಹೆಂಗಸರೆಲ್ಲ ಒಂದು ಕೋಣೆಯಲ್ಲಿ ಕಾಲು ಚಾಚಿಕೊಂಡು ಹರಟುತ್ತಿದ್ದಾಗ ಬಾಗಿಲ ಹೊರಗೆ ಆ ಕೆಮ್ಮು ಕೇಳಿಸಿತು. ದೊಡ್ಡಮ್ಮ ದಡಬಡ ಎದ್ದು ಸೆರಗು ಹೊದ್ದು, “ಎಲೆ ಹಾಕ್ಸಿ, ಅವ್ರು ಬಂದ್ರು, ಹಸಿದಿರ್ತಾರೆ” ಅಂತ ಎಲ್ಲರನ್ನೂ ಎಬ್ಬಿಸಿದರು. ಬಾಗಿಲಲ್ಲಿ ಹಲ್ಲು ಕಿರಿದುಕೊಂಡು ಮಾಮ.

ಇನ್ನೊಂದು ಸಲ ದೊಡ್ಡಪ್ಪ ಪಾಲಿಹೌಸಿನ ಒಳಗೆ ಬಗ್ಗಿಕೊಂಡು ಸಸಿಗಳ ಬುಡಕ್ಕೆ ಡ್ರಮ್ಮಿನ ನೀರು ಹನಿಸುತ್ತಿದ್ದರು. ನಾನೂ ಒಳಗಿದ್ದೆ. ಹೊರಗೆ ಮಾಮ ಬಂದು ಬಾಗಿಲಲ್ಲಿ ನಿಂತು ಆ ಕೆಮ್ಮು ಕೆಮ್ಮಿದರು. ದೊಡ್ಡಪ್ಪ ಬೆಚ್ಚಿ ತಲೆ ಎತ್ತಿದರು.

“ಯಾರದು? ನಾನು ಆಗ್ಲೇ ಒಳಗಿದೀನಲ್ಲ!”

ಆ ದಿನ ಮಾಮ ತಮ್ಮ ತೋಟದ ಮಣ್ಣು ತಂದಿದ್ದರು. ನಾನು ಲ್ಯಾಬಿನಿಂದ ಹಳೆಯ ಮೈಕ್ರೋಸ್ಕೋಪು ಕೇಳಿ ತಂದು ಜಗಲಿಯ ಮೇಲೆ ಇಟ್ಟಿದ್ದೆ. ಮೊದಲು ದೊಡ್ಡಪ್ಪನ ಮಣ್ಣು. ಅವರು ಒಂದು ಕಣ್ಣು ಮುಚ್ಚಿ ನೋಡಿ, “ಅಪ್ಪಾ, ಸಂತೆ!” ಅಂದರು. ಆಮೇಲೆ ಮಾಮನ ಮಣ್ಣು. ಮಾಮ ನೋಡಿದರು, ತಿರುಗಿಸಿದರು, ಮತ್ತೆ ನೋಡಿದರು. ಅಲ್ಲೊಂದು ಇಲ್ಲೊಂದು ಬಿಟ್ಟರೆ ಏನೂ ಅಲುಗುತ್ತಿರಲಿಲ್ಲ. ದ್ರಾಕ್ಷಿಗೆ ಅವರು ಹೊಡೆಯುತ್ತಿದ್ದ ಔಷಧಿ ಕಡಿಮೆಯಿರಲಿಲ್ಲ.

ಮಾಮ ಮೈಕ್ರೋಸ್ಕೋಪಿನಿಂದ ಕಣ್ಣು ಕೀಳದೆಯೇ ಹೇಳಿದರು: “ಊಟದ ಹೊತ್ತು. ಮನೆಗೆ ಹೋಗಿರ್ತವೆ.”

ಆ ವಾರದ ಶನಿವಾರ ಬೆಳಿಗ್ಗೆ ಚೊಂಬು ತಂದು ತುಂಬಿಸಿಕೊಂಡು ಹೋದರು. ಈ ಸಲ ಹಗಲಲ್ಲೇ.

ಡಾಕ್ಟರ ಹತ್ತಿರ

ಇನ್ನೊಂದು ಕೆಮ್ಮು ಯಾವಾಗ ಬಂತೋ ನಮಗೆ ಯಾರಿಗೂ ತಿಳಿಯಲಿಲ್ಲ. ಕೆಮ್ಮುವ ಮನುಷ್ಯ ಕೆಮ್ಮಿದರೆ ಯಾರು ತಿರುಗಿ ನೋಡುತ್ತಾರೆ? ಬಾಗಿಲ ಮುಂದೆ ಎರಡು ಇದ್ದದ್ದು ಮೂರಾಯಿತು. ಬಾಗಿಲು ದಾಟಿದ ಮೇಲೂ ಕೇಳಿಸತೊಡಗಿತು. ಮಾಮನೇ ಮೊದಲು ಹೇಳಿದ್ದು: “ಬಾವ ಈಗೀಗ ಕೆಮ್ಮೋದು ನನಗೆ ತೆಗಿಯಕ್ ಬರ್ತಿಲ್ಲ. ಬೇರೆ ಥರ ಆಗದೆ.” ಅದನ್ನೂ ನಾವು ಹಾಸ್ಯ ಅಂದುಕೊಂಡೆವು.

ತೇನಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು: “ಎಷ್ಟು ದಿನದಿಂದ ಇದೆ ಈ ಕೆಮ್ಮು?”

ದೊಡ್ಡಮ್ಮ ಹೇಳಿದರು: “ನಾನು ಮದುವೆಯಾಗಿ ಬಂದಾಗಿಂದ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. ನಾನು ಮಧ್ಯೆ ಬಾಯಿ ಹಾಕಿ, ಅದು ಬೇರೆ, ಮರ್ಯಾದೆಯ ಕೆಮ್ಮು, ಇದು ಬೇರೆ ಅಂತ ವಿವರಿಸಬೇಕಾಯಿತು. ಜೀವಮಾನದಲ್ಲಿ ನಾನು ಅಪರಿಚಿತರ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ. ಡಾಕ್ಟರ್ ಎಲ್ಲ ಕೇಳಿ, ಎದೆಯ ಫೋಟೋ ತೆಗೆಸಿ, ಶ್ವಾಸಕೋಶ ಗಟ್ಟಿಯಾಗುತ್ತಿದೆ ಅಂದರು. ಹಿಂದೆ ಹೊಡೆದ ಔಷಧಿಯಿಂದಲೋ, ಇನ್ನೇನೋ ಕಾರಣವೋ, ಖಚಿತವಾಗಿ ಹೇಳಲಾಗದು. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು, ಎದೆಯಲ್ಲಿ ಸೋಂಕೂ ಇದೆ, ಅದಕ್ಕೆ ಆ್ಯಂಟಿಬಯಾಟಿಕ್.

ದೊಡ್ಡಪ್ಪ ಮಾತ್ರೆಯನ್ನು ಅನುಮಾನದಿಂದ ನೋಡಿದರು. “ಇದು ಒಳಗಿರೋ ಒಳ್ಳೇರನ್ನೂ ಕೊಲ್ತದಾ ಡಾಕ್ಟ್ರೇ?”

“ಸ್ವಲ್ಪ ಕೊಲ್ಲುತ್ತದೆ. ಅದಕ್ಕೇ ಜೊತೆಗೆ ಈ ಕ್ಯಾಪ್ಸೂಲ್ ಕೊಟ್ಟಿದ್ದೇನೆ, ಹೊಟ್ಟೆಗೆ.”

ದೊಡ್ಡಪ್ಪ ಕ್ಯಾಪ್ಸೂಲಿನ ಹಾಳೆಯ ಹಿಂದೆ ಬರೆದದ್ದನ್ನು ಓದಿ ಹೇಳು ಅಂತ ನನ್ನ ಕೈಗೆ ಕೊಟ್ಟರು. ಓದಿದೆ. ನಮ್ಮ ಡ್ರಮ್ಮಿನಲ್ಲಿದ್ದದ್ದರ ಹತ್ತಿರದ ನೆಂಟ. ಮನೆತನದ ಹೆಸರು ಅದೇ, ಬ್ಯಾಸಿಲಸ್. ದೊಡ್ಡಪ್ಪನ ಮುಖ ಅರಳಿಬಿಟ್ಟಿತು. ಪಕ್ಕದ ಮಂಚದವರಿಗೆ, ನರ್ಸಿಗೆ, ಊಟ ತರುವವರಿಗೆ, ಎಲ್ಲರಿಗೂ ಹಾಳೆ ತೋರಿಸಿ, “ಇವ್ನು ನಮ್ಮ ತೋಟದೋನು” ಅಂದರು.

ಡಾಕ್ಟರ್ ಹೊರಡುವ ಹೊತ್ತಿಗೆ ದೊಡ್ಡಪ್ಪ ಕೇಳಿದರು: “ನಮ್ಮ ಮಣ್ಣೂ ಹಿಂಗೇ ಗಟ್ಟಿಯಾಗಿತ್ತು ಡಾಕ್ಟ್ರೇ. ಡ್ರಮ್ಮಿನ ನೀರು ಬುಟ್ಟು ಬುಟ್ಟು ಮೆತ್ತಗಾಯ್ತು. ಇದಕ್ಕೂ ಅದನ್ನೇ ಬುಟ್ರೆ?”

ಡಾಕ್ಟರ್ ನಕ್ಕರು. ನಗು ಮುಗಿಯುವ ಮೊದಲೇ ದೊಡ್ಡಪ್ಪನ ಮುಖ ನೋಡಿ ನಿಲ್ಲಿಸಿಬಿಟ್ಟರು. ದೊಡ್ಡಪ್ಪ ಹಾಸ್ಯಕ್ಕೆ ಕೇಳಿರಲಿಲ್ಲ.

ಹೊರಗಿನ ಕುರ್ಚಿ

ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದ್ದು ಒಂದೇ: ಆ ಪಾಲಿಹೌಸಿನ ಒಳಗೆ ಕಾಲಿಡಬಾರದು. ಮುಚ್ಚಿದ ಜಾಗ, ಸೆಕೆ, ತೇವ, ಬೂಷ್ಟಿನ ಪುಡಿ. ಆರೋಗ್ಯವಂತರಿಗೆ ಏನೂ ಆಗುವುದಿಲ್ಲ, ಈ ಎದೆಗೆ ಆಗದು.

ಮೂಗು ಮುಚ್ಚದೆ ಉಸಿರಾಡುವ ಹಾಗೆ ಆ ಮನೆಯನ್ನು ಮಾಡಿದವರು, ಆದ ಮೇಲೆ ಹೊರಗೆ ಕೂತರು. ಬಾಗಿಲ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ನಾನು ಲ್ಯಾಬಿಗೆ ರಜೆ ಹಾಕಿ ಬಂದೆ. ಕೆಲಸ ಹಂಚಿಕೆಯಾಯಿತು: ಕೆಮ್ಮುವುದು ಅವರು, ಒಳಗೆ ಹೋಗುವುದು ನಾನು.

“ಇರು ಕಣ್ಣು, ಹಂಗೇ ನುಗ್ಬೇಡ” ಅಂದು ಕುರ್ಚಿಯಲ್ಲೇ ನೆಟ್ಟಗೆ ಕೂತು, ಟವೆಲ್ ಸರಿಮಾಡಿಕೊಂಡು ಕೆಮ್ಮುವರು. ಕೆಲವೊಮ್ಮೆ ಅದು ನಿಲ್ಲದೆ ಬಹಳ ಹೊತ್ತು ನಡೆಯುತ್ತಿತ್ತು. ನಾನು ಬಾಗಿಲ ಚಿಲಕ ಹಿಡಿದು ನಿಂತಿರುತ್ತಿದ್ದೆ. ಕೆಮ್ಮು ನಿಂತ ಮೇಲೆ ಅವರು ಕಣ್ಣೊರೆಸಿಕೊಂಡು, “ಹೋಗು, ಇವತ್ತು ಒಳಗೆಲ್ಲಾರೂ ಎದ್ದು ನಿಂತಿರ್ತಾರೆ” ಅನ್ನುವರು.

ಹೊರಗಿನಿಂದ ಪಾಲಿಹೌಸಿನ ಬದಿಯ ಬಲೆಗೆ ಕಣ್ಣಿಟ್ಟು ಅಪ್ಪಣೆ. “ಅದರ ಬುಡ ತೋರ್ಸು. ಅಯ್ಯೋ, ಅದಲ್ಲ, ಪಕ್ಕದ್ದು.” ಒಂದು ದಿನ ಒಂದು ಗಿಡ ಕಿತ್ತು ಬೇರು ತೊಳೆದು ತಂದುಕೊಟ್ಟೆ. ಗಂಟಿಲ್ಲ. ಬೆಳ್ಳಗೆ, ನೂಲಿನ ಹಾಗೆ. ದೊಡ್ಡಪ್ಪ ಅದನ್ನು ಅಂಗೈ ಮೇಲೆ ಹರಡಿಕೊಂಡು ಎಷ್ಟೋ ಹೊತ್ತು ನೋಡುತ್ತಿದ್ದರು. ಮಾಮ ಬಂದು ಬಗ್ಗಿ ನೋಡಿ, “ಏನ್ ಬಾವ, ಹುಡುಗಿ ಒಪ್ಪಿಗೆಯಾ? ಮಾತುಕತೆ ಮುಗುಸ್ಬಿಡಣ?” ಅಂದರು.

ಸೌತೆ ಬಂತು. ಮೊದಲ ಬುಟ್ಟಿಯನ್ನು ನಾನು ಕುರ್ಚಿಯ ಮುಂದೆ ಇಟ್ಟೆ. ದೊಡ್ಡಪ್ಪ ಒಂದನ್ನು ತೆಗೆದು, ಟವೆಲ್ಲಿಗೆ ಒರೆಸಿ, ಕಟುಮ್ ಅಂತ ಕಚ್ಚಿದರು. ದೊಡ್ಡಮ್ಮ ಕಿರುಚಿದರು: “ತೊಳೀದೆ! ಪಾಲಿಹೌಸಿಂದು ತೊಳೀದೆ ತಿಂತಾರಾ!”

“ಏನ ತೊಳೀಬೇಕು? ಇದರ ಮೇಲೆ ಇರೋರೆಲ್ಲ ನಮ್ಮವ್ರೇ.” ಅಗಿದು ನುಂಗಿ, ಮೈದುನನ ಕಡೆ ತಿರುಗಿ ಎದೆ ಉಬ್ಬಿಸಿದರು. “ನೋಡ್ದೇನೋ? ಮೂಗು ಮುಚ್ದೆ ತೆಗ್ದಿದ್ದು!”

ಆಗ ಅವರ ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿತ್ತು. ಪಕ್ಕದಲ್ಲಿ ಮೆಷಿನ್ನು ಗುಂಯ್ ಅನ್ನುತ್ತಿತ್ತು.

ಮಾಮ ನೋಡಿದರು. “ಅಕ್ಕಾ, ಮೂಗು ಮುಚ್ಚಿಲ್ಲ ಅಂತ ಹೇಳೋ ಮೂಗ ನೋಡು!”

ದೊಡ್ಡಮ್ಮ ನಕ್ಕರು, ನಾನು ನಕ್ಕೆ. ದೊಡ್ಡಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ನಗು ಕೆಮ್ಮಿಗೆ ತಿರುಗಿತು. ಕೈಯಲ್ಲಿ ಅರ್ಧ ಸೌತೆ ಹಾಗೇ ಇತ್ತು. ಕೆಮ್ಮು ನಿಂತ ಮೇಲೆ ಉಳಿದದ್ದನ್ನೂ ತಿಂದು ಮುಗಿಸಿದರು.

ಪಳಪಳ ಡ್ರಮ್ಮು

ಆ ಬೆಳೆ ಮುಗಿಯುವ ಮುಂಚೆ ದೊಡ್ಡಪ್ಪ ಹೋದರು.

ಸಾವಾದ ಮನೆಯಲ್ಲಿ ನೀರಿಟ್ಟುಕೊಳ್ಳಬಾರದು. ಕೊಡ, ಹಂಡೆ, ನೆನೆ ಹಾಕಿದ ಅಕ್ಕಿ, ಮೊಸರಿನ ಹೆಪ್ಪು, ಎಲ್ಲ ಚೆಲ್ಲಿ ಪಾತ್ರೆ ತೊಳೆದು ಬೋರಲು ಹಾಕಬೇಕು. ಇದು ಎಲ್ಲರಿಗೂ ಗೊತ್ತಿರುವುದೇ. ದೊಡ್ಡಪ್ಪನ ತಂಗಿ, ವೇದಸಂದೂರಿನ ಅತ್ತೆ, ಅಳುತ್ತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲ ಮುಗಿಸಿದರು. ಆಗ ನಾನು ಒಳಗೆ ದೊಡ್ಡಮ್ಮನ ಪಕ್ಕದಲ್ಲಿ ಕೂತಿದ್ದೆ. ಊರವರು ಹೊರಟ ಮೇಲೆ ಹಿತ್ತಲಿಗೆ ಬಂದು ನೋಡಿದರೆ, ಡ್ರಮ್ಮು ಬಿಸಿಲಿನಲ್ಲಿ ಬೋರಲು ಬಿದ್ದಿದೆ. ನೀಲಿ ಬಣ್ಣ ಪಳಪಳ ಹೊಳೆಯುತ್ತಿದೆ. ಅರಿಶಿನದ ಬೊಟ್ಟೂ ಇಲ್ಲ. ಬೇವಿನ ಕೋಲನ್ನು ಸಹ ತಿಕ್ಕಿ ತೊಳೆದು ಗೋಡೆಗೆ ಒರಗಿಸಿದ್ದರು.

“ಎಷ್ಟು ವರ್ಷದ ಕೊಳೆನೋ ಕಣ್ಣು” ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ. “ನಿಮ್ಮ ದೊಡ್ಡಪ್ಪನಿಗೆ ಇಂಥದ್ದೆಲ್ಲ ಕಣ್ಣಿಗೇ ಕಾಣ್ತಿರಲಿಲ್ಲ. ಸೋಪಿನಪುಡಿ ಹಾಕಿ ತೊಳ್ದಿದೀನಿ.”

ನಾನು “ಸರಿ ಅತ್ತೆ” ಅಂದೆ. ಅವರು ತಮ್ಮ ಅಣ್ಣನಿಗೆ ಮಾಡಬಹುದಾದ ಕೊನೆಯ ಕೆಲಸವನ್ನು ಚೊಕ್ಕಟವಾಗಿ ಮಾಡಿದ್ದರು.

ಲ್ಯಾಬಿನಿಂದ ಹೊಸ ಕಲ್ಚರ್ ತರಬಹುದಿತ್ತು. ತರಬಹುದಿತ್ತು, ಅಷ್ಟೇ. ತರಲಿಲ್ಲ. ಪಾಲಿಹೌಸಿನ ಬಾಗಿಲಿಗೆ ಚಿಲಕ ಹಾಕಿಯೇ ಇತ್ತು. ಬಳ್ಳಿ ಕಟ್ಟಿದ ದಾರಗಳು ಬಲೆಯಾಚೆ ಸುಮ್ಮನೆ ತೂಗುತ್ತಿದ್ದವು.

ಕಾರ್ಯ ಮುಗಿದ ಮೇಲೆ ಒಂದು ಸಂಜೆ, ದೊಡ್ಡಮ್ಮ ದೀಪ ಹಚ್ಚಿ ಜಗಲಿಗೆ ಬಂದು ಕೂತಿದ್ದರು. ಮಾಮ ಬಂದರು. ಎರಡೂ ಕೈಯಲ್ಲಿ ಒಂದು ದೊಡ್ಡ ಕೊಡ, ಅದರ ಬಾಯಿಗೆ ಬಟ್ಟೆ ಕಟ್ಟಿದ್ದರು. ಹುಳಿ ಬೆಲ್ಲದ ವಾಸನೆ ನನಗೆ ಅಂಗಳದಿಂದಲೇ ಬಂತು.

“ಏನದು?” ಅಂದರು ದೊಡ್ಡಮ್ಮ.

“ಬಾವನ ಹುಳುನೀರು. ಆವತ್ತು ತಗೊಂಡು ಹೋಗಿದ್ನಲ್ಲ ಚೊಂಬು, ಅದರಿಂದ ಮಾಡಿ ಇಟ್ಕೊಂಡಿದ್ದೆ. ದಿನಾ ತಿರುವ್ತಿದ್ದೆ.”

ಊರಿಗೆಲ್ಲ ಗೇಲಿ ಮಾಡಿಕೊಂಡು ತಿರುಗಿದ ಮನುಷ್ಯ. ದ್ರಾಕ್ಷಿ ಚಪ್ಪರದ ಹಿಂದೆ, ಯಾರಿಗೂ ಕಾಣದ ಹಾಗೆ, ಅವರದೂ ಒಂದು ಡ್ರಮ್ಮು ಇತ್ತಂತೆ.

ದೊಡ್ಡಮ್ಮ ಕೊಡವನ್ನು ನೋಡಿದರು, ದೀಪವನ್ನು ನೋಡಿದರು. ಅಷ್ಟು ದಿನವಾದ ಮೇಲೆ ಅವರ ದನಿಯಲ್ಲಿ ಹಳೆಯ ಗದರಿಕೆ ಸ್ವಲ್ಪ ಬಂತು. “ಇವತ್ತು ಶುಕ್ರವಾರ ಕಣೋ. ದೀಪ ಹಚ್ಚಾಗದೆ.”

“ಕೊಡಬಾರದು ಅಂತ ನೀನು ಹೇಳಿದ್ದೆ. ತಗೋಬಾರದು ಅಂತ ಹೇಳಿರಲಿಲ್ಲ, ಅಕ್ಕಾ.”

“ಕೊಡೋನು ನೀನಲ್ವೇನೋ, ಮಂಕೇ! ನಿನ್ನ ಮನೆ ಲಕ್ಷ್ಮಿ ಹೋಗ್ತಾಳೆ.”

“ಹೋಗ್ಲಿ ಬುಡು. ಇಲ್ಲಿಗೇ ತಾನೆ ಬರೋದು? ನನಗೆ ವಿಳಾಸ ಗೊತ್ತು.”

ದೊಡ್ಡಮ್ಮನಿಗೆ ನಗು ಬಂತು. ತಡೆಯಲು ಹೋದರು, ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಣಿಯುವ ಹಾಗೆ ನಕ್ಕರು. ಆ ಮನೆಯಲ್ಲಿ ಮತ್ತೆ ನಗು ಕೇಳಿಸಿದ್ದು ಆಗಲೇ. ನಾನೂ ನಕ್ಕೆ. ಮಾಮ ಕೊಡ ಹಿಡಿದುಕೊಂಡೇ ನಿಂತಿದ್ದರು, ಎಲ್ಲಿ ಇಡಬೇಕೋ ಗೊತ್ತಾಗದೆ.

“ನಡೀರಿ” ಅಂತ ದೊಡ್ಡಮ್ಮನೇ ಎದ್ದರು. ಮೂವರೂ ಪಾಲಿಹೌಸಿಗೆ ಹೋದೆವು. ಇನ್ನೂ ಸ್ವಲ್ಪ ಬೆಳಕಿತ್ತು. ಕುರ್ಚಿ ಅಲ್ಲೇ ಇತ್ತು; ಅದರ ಮೇಲೆ ಒಣಗಿದ ಎಲೆಗಳು. ನಾನು ಚಪ್ಪಲಿ ಬಿಟ್ಟು ಚಿಲಕಕ್ಕೆ ಕೈ ಹಾಕಿದೆ.

“ಇರು ಕಣ್ಣು” ಅಂದರು ದೊಡ್ಡಮ್ಮ. “ಹಂಗೇ ನುಗ್ಬೇಡ.”

ನಾನು ಕೈ ತೆಗೆದೆ. ಅವರು ತಮ್ಮನ ಕಡೆ ತಿರುಗಿದರು. ಮಾಮ ಕೊಡದ ಮೇಲೆ ತಲೆ ಬಗ್ಗಿಸಿ, ಅದರ ಬಾಯಿಗೆ ಕಟ್ಟಿದ ಬಟ್ಟೆಯ ಗಂಟನ್ನೇ ನೋಡುತ್ತಿದ್ದರು. ದೊಡ್ಡಮ್ಮ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು, ಪೆರಿಯಕುಳಂನ ಆ ಮದುವೆಮನೆಯಲ್ಲಿ ಎದ್ದು ನಿಂತಿದ್ದರಲ್ಲ, ಹಾಗೆ.

“ಒಂದ್ಸಲ ಕೆಮ್ಮೋ ತಮ್ಮಾ. ನಿಮ್ಮ ಬಾವ ಕೆಮ್ದಂಗೆ.”